ಬಾನೆಟ್ ಮೇಲಿನ ಚಹಾ

ಕೋವಿಡ್ ಕಳೆದ ಎರಡನೆಯ ಬೇಸಿಗೆ ಅದು. ರಾಣೇಬೆನ್ನೂರಿನ ಬಸ್ ಡಿಪೋದಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದ ನಾನು ನಿವೃತ್ತನಾಗಿ ಹೆಚ್ಚು ಕಡಿಮೆ ವರ್ಷವಾಗಿತ್ತು. ಬೀಳ್ಕೊಡುವಾಗ ಹೊದಿಸಿದ ಶಾಲಿನ ಮಡಿಕೆ ಬಿಚ್ಚುವ ಮೊದಲೇ ಹಲಗೇರಿ ರಸ್ತೆಯಲ್ಲೊಂದು ತಗಡಿನ ಶೆಡ್ ಹಿಡಿದು, ಹಳೆಯ ಜೀಪು ಟ್ರ್ಯಾಕ್ಟರುಗಳ ಎಂಜಿನ್ ಬಿಚ್ಚಿಕೊಂಡು ಕೂತಿದ್ದೆ. "ಇಷ್ಟ್ ವರ್ಷ ದುಡದೀರಿ, ಇನ್ನರ ಸುಮ್ನ ಕುಂದರಾಕ ಏನ್ ಧಾಡಿ ನಿಮಗ?" ಎಂದು ಮನೆಯವಳು ಬೈದಳು. ಧಾಡಿ ಏನೂ ಇರಲಿಲ್ಲ. ಕೈಗೆ ಗ್ರೀಸ್ ಹತ್ತದಿದ್ದರೆ ನನಗೆ ಊಟ ರುಚಿಸುತ್ತಿರಲಿಲ್ಲ, ಅಷ್ಟೇ.

ಆ ಬೇಸಿಗೆಯ ಕತೆಯನ್ನು ಈಗ ಬರೆಯಲು ಕಾರಣ ಮೊಬೈಲಿಗೆ ಬಂದ ಒಂದು ಸುದ್ದಿ. ಅಮೆರಿಕದಲ್ಲಿ ಮಸಲ್ ಕಾರ್ ಎಂದು ಒಂದು ಜಾತಿಯ ಗಾಡಿಗಳಿವೆ. ಎರಡೇ ಬಾಗಿಲು, ಉದ್ದನೆಯ ಮೂತಿ, ಆ ಮೂತಿಯೊಳಗೆ ಲಾರಿಗೆ ಹಾಕಬಹುದಾದಷ್ಟು ದೊಡ್ಡ ಪೆಟ್ರೋಲ್ ಎಂಜಿನ್. ಅವುಗಳಲ್ಲಿ ಬಹಳ ಹೆಸರು ಮಾಡಿದ್ದ ಒಂದು ಗಾಡಿಯನ್ನು ಕಂಪನಿಯವರು ನಿಲ್ಲಿಸಿಬಿಟ್ಟಿದ್ದರು. ಈಗ ಅದು ಮತ್ತೆ ಬರುತ್ತದಂತೆ. ಹಳೆಯ ಎಂಜಿನ್ನೇ ಇರುತ್ತದೆ ಎಂದು ಒಬ್ಬರು, ಇಲ್ಲ, ಬ್ಯಾಟರಿ ಗಾಡಿ ಮಾಡಿ ಸ್ಪೀಕರಿನಲ್ಲಿ ಗುಡುಗಿಸುತ್ತಾರೆ ಎಂದು ಇನ್ನೊಬ್ಬರು, ದಿನಕ್ಕೊಂದು ಮಾತು. ಡಿಪೋದಲ್ಲಿ ನನ್ನ ಜೊತೆಗೇ ವೆಲ್ಡರ್ ಆಗಿದ್ದು ಜೊತೆಗೇ ನಿವೃತ್ತನಾದ ಖಾದರ್‌ಸಾಬ್ ಶೆಡ್ಡಿಗೆ ಬಂದು ಮೊಬೈಲನ್ನು ನನ್ನ ಮೂಗಿಗೆ ಹಿಡಿದು, "ಗುಡ್ಡಪ್ಪಾ, ನಮ್ಮ ಡಬ್ಬಿ ತಿರುಗಿ ಬರತೈತಂತಲ್ಲೋ" ಎಂದ. ಅದೇ ಜಾತಿಯ ಒಂದು ಹಳೆಯ ಗಾಡಿ, ನಮ್ಮ ಡಬ್ಬಿ, ಒಮ್ಮೆ ತಿರುಗಿ ಬಂದದ್ದು ಅವನಿಗೂ ಗೊತ್ತು, ನನಗೂ ಗೊತ್ತು. ಅದನ್ನೇ ಹೇಳಲು ಹೊರಟಿದ್ದೇನೆ.

ಆ ಬೇಸಿಗೆಯ ಒಂದು ಬೆಳಗ್ಗೆ ಬ್ಯಾಡಗಿಯಿಂದ ಬಸವರಾಜ ಎಂಬವರು ಶೆಡ್ಡಿಗೆ ಬಂದರು. ಅವರದು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ರೈತರು ತಂದ ಕಾಯಿಯನ್ನು ಖರೀದಿದಾರರಿಗೆ ಮಾರಿಸಿಕೊಡುವ ವ್ಯಾಪಾರ. ಅವರ ತಂದೆ ಚನ್ನಬಸಪ್ಪ ಸಾವಕಾರರ ಹೆಸರನ್ನು ನಾನೂ ಕೇಳಿದ್ದೆ. ಪ್ರಾಯದಲ್ಲಿ ಅವರು ಮೆಣಸಿನಕಾಯಿಯ ಲಾರಿಗಳ ಹಿಂದೆ ಮುಂಬಯಿಗೆ ಹೋಗಿ ಬರುತ್ತಿದ್ದರು. ಹಾಗೆ ಹೋದಾಗ ಒಮ್ಮೆ, ದೇಶ ಬಿಟ್ಟು ಹೊರಟಿದ್ದ ಯಾವನೋ ಪರದೇಶದ ಅಧಿಕಾರಿಯಿಂದ ಒಂದು ಅಮೆರಿಕದ ಗಾಡಿಯನ್ನು ಕೊಂಡು, ತಾವೇ ಓಡಿಸಿಕೊಂಡು ಊರಿಗೆ ಬಂದಿದ್ದರು. ಸ್ಟೇರಿಂಗ್ ಎಡಕ್ಕೆ, ಬಣ್ಣ ಕಡುಗೆಂಪು.

ಬ್ಯಾಡಗಿ ಕಾಯಿಯಲ್ಲಿ ಎರಡು ಬಗೆ. ಸಪೂರವಾಗಿ ಉದ್ದಕ್ಕಿರುವುದು ಕಡ್ಡಿ, ಮೈತುಂಬಿಕೊಂಡು ಸುಕ್ಕುಗಟ್ಟಿ ಕೆಂಪಗೆ ಹೊಳೆಯುವುದು ಡಬ್ಬಿ. ಡಬ್ಬಿಗೆ ಮರ್ಯಾದೆ ಹೆಚ್ಚು. ಸಾವಕಾರರು ಆ ಗಾಡಿಗೆ ಡಬ್ಬಿ ಎಂದೇ ಹೆಸರಿಟ್ಟರು, ಊರೂ ಹಾಗೇ ಕರೆಯಿತು. ಬಸವರಾಜರು ಮಾತ್ರ ಅದೇ ಹೆಸರನ್ನು ಖಾಲಿ ಎಣ್ಣೆ ಡಬ್ಬಿಯ ಅರ್ಥದಲ್ಲಿ ಹೇಳುತ್ತಿದ್ದರು. ಅದು ಕೆಟ್ಟು, ರಿಪೇರಿ ಮಾಡುತ್ತಿದ್ದ ಹುಬ್ಬಳ್ಳಿಯ ಮೇಸ್ತ್ರಿ ತೀರಿಹೋಗಿ, ಮನೆಯ ಮಗ್ಗುಲಿನ ಮೆಣಸಿನಕಾಯಿ ಗೋಡೌನ್ ಸೇರಿ ಎಷ್ಟೋ ವರ್ಷಗಳಾಗಿದ್ದವು.

ಬಸವರಾಜರ ಚಿಂತೆ ಗಾಡಿಯದಲ್ಲ, ಅಪ್ಪನದು. ಸಾವಕಾರರಿಗೆ ಎಂಬತ್ತು ದಾಟಿತ್ತು. ಕೈಕಾಲು ಗಟ್ಟಿ, ಆದರೆ ಕಿವಿ ಸ್ವಲ್ಪಸ್ವಲ್ಪವೇ ಹೋಗುತ್ತಾ ಪೂರ್ತಿ ಹೋಗಿಬಿಟ್ಟಿತ್ತು. ಮಿಷನ್ ಹಾಕಿಸಿದರೆ ಗುಂಯ್‌ಗುಡುತ್ತದೆ ಎಂದು ಕಿತ್ತು ಒಗೆದಿದ್ದರಂತೆ. ಅದಾದ ಮೇಲೆ ಅಂಗಡಿಗೆ ಬರುವುದನ್ನು ಬಿಟ್ಟರು, ಮಾತು ಬಿಟ್ಟರು. ಮನೆ ತುಂಬ ಜನ. ಸೊಸೆ, ಮೊಮ್ಮಕ್ಕಳು, ಆಳುಕಾಳು. ಎಲ್ಲರೂ ಕೈಸನ್ನೆ ಮಾಡಿ ಮಾತಾಡಿಸುತ್ತಾರೆ, ಇವರು ತಲೆ ಆಡಿಸಿ ಸುಮ್ಮನಾಗುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಗೋಡೌನಿನ ಬಾಗಿಲ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂರುತ್ತಾರೆ. ಹಳೆಯ ಕಾರು ಕೂಡಿಡುವ ಕೊಲ್ಲಾಪುರದವನೊಬ್ಬ ಗಾಡಿಯನ್ನು ಕೇಳುತ್ತಿದ್ದ. ಕೊಡಲೇ ಎಂದು ಅಪ್ಪನನ್ನು ಕೇಳಿದರೆ ಹೌದು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ.

"ಒಂದ್ ಸಲ ಚಾಲೂ ಮಾಡಿ ಅಪ್ಪಗ ತೋರಸ್ರಿ ಮೇಸ್ತ್ರಿ. ಅವರ ಮಾರಿ ಮ್ಯಾಲೆ ಏನರ ಕಳೆ ಕಂಡ್ರ ಗಾಡಿ ಇಟಗೊಂತೀನಿ. ಇಲ್ಲಂದ್ರ ಕೊಲ್ಲಾಪುರದಾಂವಗ ಕೊಟ್ಟು ಕೈ ತೊಳಕೊಂತೀನಿ" ಎಂದರು ಬಸವರಾಜರು. ಕೆಲಸ ಅದು, ಷರತ್ತೂ ಅದು. ಎಂಜಿನ್ ನಡೆಸುವುದು ನನಗೆ ಗೊತ್ತು, ಮುದುಕರ ಮುಖದ ಮೇಲೆ ಕಳೆ ತರಿಸುವುದು ಹೇಗೆ? ಆದರೂ ಒಪ್ಪಿಕೊಂಡೆ. ಅಮೆರಿಕದ ಎಂಜಿನ್ ಮುಟ್ಟುವ ಆಸೆ ಇತ್ತಲ್ಲ.

ಮರುದಿನ ಖಾದರನನ್ನು ಕರೆದುಕೊಂಡು ಬ್ಯಾಡಗಿಗೆ ಹೋದೆ. ಗೋಡೌನಿನ ಬಾಗಿಲು ತೆಗೆದರೆ ಮೂಗಿಗೆ ಘಾಟು ಬಡಿದು ಇಬ್ಬರೂ ಸೀನಿದೆವು. ಚೀಲಗಳ ನಡುವೆ, ತಾಡಪತ್ರಿಯ ಕೆಳಗೆ ಗಾಡಿ ಮಲಗಿತ್ತು. ಇಷ್ಟು ವರ್ಷ ನಿಂತ ಗಾಡಿಯ ಒಳಗೆ ಇಲಿ ಸಂಸಾರ ಹೂಡಿರುತ್ತದೆ, ವೈರೆಲ್ಲ ಕಡಿದು ತಿಂದಿರುತ್ತದೆ ಎಂದುಕೊಂಡಿದ್ದೆ. ಬಾನೆಟ್ ಎತ್ತಿ ನೋಡಿದರೆ ಒಂದು ವೈರಿಗೂ ಹಲ್ಲಿನ ಗುರುತಿಲ್ಲ. ಬ್ಯಾಡಗಿಯ ಘಾಟಿಗೆ ಇಲಿಯಾದರೂ ಹೇಗೆ ನಿಂತೀತು! ತಗಡಿಗೆ ತುಕ್ಕು, ಟ್ಯಾಂಕಿನೊಳಗೆ ಅಂಟಾಗಿ ಕೂತ ಹಳೆಯ ಪೆಟ್ರೋಲು, ಒಣಗಿದ ರಬ್ಬರುಗಳು, ಇಷ್ಟೇ ಕೇಡು.

ನಾವು ಗಾಡಿಯನ್ನು ಹೊರಗೆ ತಳ್ಳುವಾಗ ಸಾವಕಾರರು ಕಟ್ಟೆಯಿಂದ ಎದ್ದು ಬಂದರು. ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ಗಾಂಧಿ ಟೊಪ್ಪಿಗೆ. ಬಲಗೈಯ ಅಂಗೈಯನ್ನು ಬಾನೆಟ್ ಮೇಲೆ ಊರಿ ಸ್ವಲ್ಪ ಹೊತ್ತು ನಿಂತು, ನನ್ನ ಕಡೆ ನೋಡಿ, "ಇದು ಸುಮ್ನ ನಿಂದ್ರೂ ಗಾಡಿ ಅಲ್ರೀ" ಎಂದರು. ಬಹಳ ದಿನ ಮಾತಾಡದ ಗಂಟಲು, ದನಿ ಒಡೆದಿತ್ತು. ಭಾರಿ ಓಡುವ ಗಾಡಿ ಎಂದು ಹೆಮ್ಮೆಯಿಂದ ಹೇಳುತ್ತಿದ್ದಾರೆ ಎಂದುಕೊಂಡು ನಾನು ಕೈ ಮುಗಿದೆ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು, ಮೋಟೆಬೆನ್ನೂರಿನ ಹತ್ತಿರ ಹೈವೇ ಹತ್ತಿ, ರಾಣೇಬೆನ್ನೂರು ಮುಟ್ಟಿದೆವು. ದಾರಿಯುದ್ದಕ್ಕೂ ಬೈಕಿನವರು ನಿಂತು ಫೋಟೋ ಹೊಡೆದುಕೊಂಡರು.

ಕೆಲಸಕ್ಕೆ ಒಂದು ತಿಂಗಳಿಗಿಂತ ಹೆಚ್ಚೇ ಹಿಡಿಯಿತು. ಖಾದರ್ ಟ್ಯಾಂಕ್ ಇಳಿಸಿ, ಒಳಗೆ ಜಲ್ಲಿಕಲ್ಲು ಹಾಕಿ ಕುಲುಕಿ ತೊಳೆದ. ನಾನು ಎಂಜಿನ್ ಬಿಚ್ಚಿದೆ. ವಿ-ಎಂಟು ಎಂಜಿನ್ ಅದು. ನಾಲ್ಕು ಸಿಲಿಂಡರ್ ಈ ಕಡೆ, ನಾಲ್ಕು ಆ ಕಡೆ, ಇಂಗ್ಲಿಷಿನ ವಿ ಅಕ್ಷರದ ಹಾಗೆ ವಾಲಿಕೊಂಡಿರುತ್ತವೆ. ಕೆಲವು ರಬ್ಬರು ಹಾವೇರಿಯ ಲಾರಿ ಸ್ಪೇರ್ ಅಂಗಡಿಯಲ್ಲಿ ಸಿಕ್ಕವು, ಕೆಲವನ್ನು ಬಸವರಾಜರು ಪರದೇಶದಿಂದ ತರಿಸಿದರು, ಉಳಿದದ್ದನ್ನು ನಾವೇ ಕೊಯ್ದು ಮಾಡಿಕೊಂಡೆವು. ಒಂದು ದಿನ ವೈರಿಂಗ್ ಪರೀಕ್ಷೆಗೆಂದು ಬ್ಯಾಟರಿ ಜೋಡಿಸಿ, ಸೀಟಿನಲ್ಲಿ ಕೂತಿದ್ದ ಖಾದರನಿಗೆ ಎಲ್ಲಾ ಸ್ವಿಚ್ಚುಗಳನ್ನೂ ಒತ್ತಲು ಹೇಳಿದೆ. ಹೀಟರಿನ ಬ್ಲೋವರ್ ತಿರುಗಿದ್ದೇ ತಡ, ಅದರ ಕೊಳವೆಯೊಳಗೆ ಅಷ್ಟು ವರ್ಷ ಕೂತಿದ್ದ ಮೆಣಸಿನಪುಡಿ ಅಷ್ಟೂ ಅವನ ಮುಖಕ್ಕೆ ಎರಚಿತು. ಹೊರಗೆ ಜಿಗಿದು ನಳದ ಕೆಳಗೆ ತಲೆ ಕೊಟ್ಟು ಕೂತವನು ಅರ್ಧ ತಾಸು ಏಳಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ನಗಬ್ಯಾಡಲೇ, ನಿನ್ನ ಪಾಳಿನೂ ಬರತೈತಿ" ಎಂದ ಕಣ್ಣು ಉಜ್ಜಿಕೊಳ್ಳುತ್ತ. ಅದು ಖರೇ ಆಯಿತು.

ಇಲ್ಲಿ ನಮ್ಮ ಡಿಪೋದ ಒಂದು ಪದ್ಧತಿಯನ್ನು ಹೇಳಬೇಕು. ಆಗಿನ ಬಸ್ಸುಗಳಲ್ಲಿ ಎಂಜಿನ್ ಬಸ್ಸಿನ ಒಳಗೇ, ಡ್ರೈವರನ ಪಕ್ಕದಲ್ಲೇ ಇರುತ್ತಿತ್ತು. ಅದರ ಮೇಲಿನ ದಪ್ಪ ಮುಚ್ಚಳಕ್ಕೂ ಬಾನೆಟ್ ಎಂದೇ ಹೆಸರು. ಚಳಿಗಾಲದಲ್ಲಿ ಕಂಡಕ್ಟರನ ಗೆಳೆಯರೆಲ್ಲ ಅದರ ಮೇಲೇ ಬೆಚ್ಚಗೆ ಕೂತು ಬರುತ್ತಿದ್ದರು. ಎಂಜಿನ್ ಕೆಲಸ ಮುಗಿದ ಮೇಲೆ ಕ್ಯಾಂಟೀನಿನಿಂದ ಅಂಚಿನವರೆಗೆ ತುಂಬಿದ ಒಂದು ಕಪ್ ಚಹಾ ತರಿಸಿ, ಬಾನೆಟ್ ಮೇಲಿಟ್ಟು, ಎಂಜಿನ್ ಚಾಲೂ ಮಾಡಬೇಕು. ಹನಿ ಚೆಲ್ಲಿದರೆ ಕೆಲಸ ಪಾಸಿಲ್ಲ, ಮತ್ತೆ ಬಿಚ್ಚಬೇಕು. ಚೆಲ್ಲದಿದ್ದರೆ ಆ ಚಹಾ ಕೆಲಸ ಮಾಡಿದವನಿಗೆ. ಯಾವ ಪುಸ್ತಕದಲ್ಲೂ ಇಲ್ಲದ ಪರೀಕ್ಷೆ ಇದು, ನಮ್ಮ ಹಿರಿಯರು ಮಾಡಿಟ್ಟದ್ದು. ನಾನು ಕುಡಿದಷ್ಟು ಬಾನೆಟ್ ಚಹಾ ರಾಣೇಬೆನ್ನೂರು ಡಿಪೋದಲ್ಲಿ ಬೇರೆ ಯಾರೂ ಕುಡಿದಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಈಗಿನ ಬಸ್ಸುಗಳಲ್ಲಿ ಎಂಜಿನ್ ಎಲ್ಲಿರುತ್ತದೆ ಎಂದು ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ. ಆ ಚಹಾದ ರುಚಿಯನ್ನು ನೆನೆದರೆ ಇವತ್ತಿಗೂ ಬಾಯಲ್ಲಿ ನೀರು ಬರುತ್ತದೆ.

ಡಬ್ಬಿ ಮೊದಲ ಸಲ ಚಾಲೂ ಆದಾಗ ಶೆಡ್ಡಿನ ತಗಡೆಲ್ಲ ಗಡಗಡ ಎಂದವು. ಒಂದು ಏಟು ಗಟ್ಟಿ, ಒಂದು ಮೆತ್ತಗೆ, ಒಂದು ತಪ್ಪಿಯೇ ಹೋದಂತೆ. ಇಡೀ ಗಾಡಿ ನಿಂತಲ್ಲೇ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಎಂಜಿನ್ನಿನ ಉಸಿರಾಟಕ್ಕೆ ವಾಲ್ವುಗಳಿರುತ್ತವೆ. ಅವನ್ನು ತೆರೆದು ಮುಚ್ಚುವ, ಉಬ್ಬುಗಳಿರುವ ದಂಡಕ್ಕೆ ಕ್ಯಾಮ್‌ಶಾಫ್ಟ್ ಎನ್ನುತ್ತೇವೆ. ಈ ಗಾಡಿಯ ಕ್ಯಾಮ್ ಜೋರಾಗಿ ಓಡಲಿಕ್ಕೆಂದೇ ಮಾಡಿದ್ದು, ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಓಡುವಾಗ ಅದೇ ಬಲ. ನಿಂತಾಗ ಮಾತ್ರ ಒಳಬರುವ ಗಾಳಿಯೂ ಹೊರಹೋಗುವ ಹೊಗೆಯೂ ಕಲಸಿಕೊಂಡು ಎಂಜಿನ್ ಒಂದೇ ಸಮನೆ ನಡೆಯುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಖಾದರ್ ಚಹಾದ ಕಪ್ಪನ್ನು ಬಾನೆಟ್ ಮೇಲಿಟ್ಟಾಗ ಅದು ಕುಣಿಯುತ್ತ ಹೋಗಿ ಕೆಳಗೆ ಬಿತ್ತಲ್ಲ, ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಗುಡ್ಡಪ್ಪನ ಕೈಯಿಂದ ಹೊರಬೀಳುವ ಗಾಡಿ ಚಹಾ ಚೆಲ್ಲುವುದೇ?

ಹಠ ಹಿಡಿದೆ. ಐಡ್ಲಿಂಗ್ ಎಂದರೆ ಗಾಡಿ ನಿಂತಾಗಿನ ಎಂಜಿನ್ ವೇಗ, ಅದನ್ನು ಏರಿಸಿದೆ. ಕಿಡಿ ಹಾರುವ ಸಮಯವನ್ನು ಬದಲಿಸಿದೆ. ಎಂಜಿನ್ ಕೂರುವ ಜಾಗಕ್ಕೆ ಮೌಂಟಿಂಗ್ ಎಂಬ ರಬ್ಬರಿನ ಗಟ್ಟಿಗಳಿರುತ್ತವೆ, ಎಂಜಿನ್ನಿನ ನಡುಕವನ್ನು ಅವು ನುಂಗುತ್ತವೆ. ಡಬ್ಬಿಗೆ ಎರಡೂ ಕಡೆ ರಬ್ಬರಿನ ಬದಲು ಕಬ್ಬಿಣದ ತುಂಡುಗಳಿದ್ದವು. ಯಾವ ಪುಣ್ಯಾತ್ಮ ಇದನ್ನು ಹಾಕಿದನೋ ಎಂದು ಸತ್ತ ಹುಬ್ಬಳ್ಳಿಯ ಮೇಸ್ತ್ರಿಯನ್ನು ಬೈದುಕೊಂಡು, ಕಬ್ಬಿಣ ತೆಗೆದು ಮೆತ್ತನೆಯ ಲಾರಿ ರಬ್ಬರು ಕೊಯ್ದು ಕೂರಿಸಿದೆ. ಆಮೇಲೆ ಚಹಾ ಇಟ್ಟೆವು. ಎಂಜಿನ್ ಗುಂಯ್ ಎಂದು ಒಂದೇ ಸಮನೆ ನಡೆಯುತ್ತಿತ್ತು, ಕಪ್ಪಿನ ಕೆನೆ ಕೂಡ ಮಿಸುಕಲಿಲ್ಲ. ಖಾದರ್ ಎರಡೂ ಕೈ ಎತ್ತಿ ಸಲಾಮು ಹೊಡೆದ. ನಾನು ಆ ಚಹಾವನ್ನು ನಿಂತೇ, ಗುಟುಕು ಗುಟುಕಾಗಿ ಕುಡಿದೆ. ತೆಗೆದ ಹಳೆಯ ಸಾಮಾನನ್ನು ಒಡೆಯನಿಗೆ ತೋರಿಸಿ ಒಪ್ಪಿಸುವುದು ಡಿಪೋದಿಂದ ಬಂದ ರೂಢಿ. ಕಬ್ಬಿಣದ ತುಂಡುಗಳನ್ನು ಗೋಣಿತಟ್ಟಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಹಾಕಿದೆ.

ಭಾನುವಾರ ಬೆಳಗ್ಗೆ ಖಾದರನನ್ನು ಪಕ್ಕದಲ್ಲಿ ಕೂರಿಸಿ, ನಾನೇ ಓಡಿಸಿಕೊಂಡು ಬ್ಯಾಡಗಿಗೆ ಹೋದೆ. ಸಾವಕಾರರ ಮನೆಯ ಅಂಗಳದಲ್ಲಿ ಓಣಿಯ ಅರ್ಧ ಜನ ಕೂಡಿದ್ದರು. ಸೊಸೆ ಆರತಿ ತಟ್ಟೆ ಹಿಡಿದು ನಿಂತಿದ್ದಳು, ಬಸವರಾಜರು ಹಾವೇರಿಯಿಂದ ಏಲಕ್ಕಿ ಹಾರವನ್ನೇ ತರಿಸಿದ್ದರು. ಕೊಲ್ಲಾಪುರದವನು ಮರುದಿನ ಬರುವವನಿದ್ದ. ಗಾಡಿ ನಿಲ್ಲಿಸಿದೆ, ಎಂಜಿನ್ ಬಂದ್ ಮಾಡಲಿಲ್ಲ. ಮೊಮ್ಮಗಳು ಅಜ್ಜನ ಕೈ ಹಿಡಿದು ಕಟ್ಟೆಯಿಂದ ಕರೆತಂದಳು. ಸಾವಕಾರರು ಗಾಡಿಯನ್ನು ಮೂತಿಯಿಂದ ಬಾಲದವರೆಗೆ ನೋಡಿದರು. ಬಲಗೈಯನ್ನು ಬಾನೆಟ್ ಮೇಲೆ ಊರಿ ಕಣ್ಣು ಮುಚ್ಚಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು ನನಗೆ ಹೇಳಿದರು.

"ಚಾಲೂ ಮಾಡ್ರಿ ಮೇಸ್ತ್ರಿ."

ಮೊಮ್ಮಗಳು ಸ್ಟೇರಿಂಗ್ ತಿರುಗಿಸುವಂತೆ ಸನ್ನೆ ಮಾಡಿ, ಗಾಡಿ ಚಾಲೂನೇ ಇದೆ ಎಂದು ತಿಳಿಸಿದಳು. ಅವರು ಇನ್ನೊಮ್ಮೆ ಅಂಗೈ ಇಟ್ಟು ನೋಡಿದರು. ತಲೆ ಅಲ್ಲಾಡಿಸಿ, ಕೈಯನ್ನು ಧೋತರಕ್ಕೆ ಒರೆಸಿಕೊಂಡು ತಿರುಗಿ ಹೋಗಿ ಕಟ್ಟೆಯ ಮೇಲೆ ಕೂತರು. ಆರತಿ ತಟ್ಟೆ ಹಾಗೇ ಉಳಿಯಿತು. ಬಸವರಾಜರು ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮದೇನೂ ತಪ್ಪಿಲ್ಲ, ಅಪ್ಪನಿಗೆ ಇನ್ನು ಇದರಿಂದ ಆಗಬೇಕಾದ್ದೇನೂ ಉಳಿದಿಲ್ಲ ಎಂದರು. "ಬಿಡ್ರಿ. ಡಬ್ಬಿ ನಾಳೆ ಕೊಲ್ಲಾಪುರಕ್ಕ ಹೋಗಲಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ. ಸೀದಾ ಹೋಗಿ ಸಾವಕಾರರ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತೆ. ಅವರ ಇನ್ನೊಂದು ಪಕ್ಕಕ್ಕೆ ಆವತ್ತೇ ಬಂದ ಕಾಯಿಯ ಚೀಲವೊಂದು ಬಾಯಿ ಬಿಚ್ಚಿಕೊಂಡು ನಿಂತಿತ್ತು. ಅವರು ಸುಮ್ಮನೆ, ಕೈಗೆ ಬೇರೆ ಕೆಲಸವಿಲ್ಲದ್ದಕ್ಕೆ ಎಂಬಂತೆ, ಒಂದು ಹಿಡಿ ಕಾಯಿ ತೆಗೆದು ಮುಷ್ಟಿಯಲ್ಲಿ ಮೆಲ್ಲಗೆ ಹಿಸುಕಿ ಬಿಟ್ಟರು. ಮತ್ತೆ ಹಿಸುಕಿದರು. "ಹಸಿ ಐತಿ, ಇನ್ನೊಂದ್ ಬಿಸಲು ಬೇಕು" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಚೀಲಕ್ಕೆ ಹಾಕಿದರು. ಬ್ಯಾಡಗಿಯ ಹಳೆಯ ದಲಾಲರೆಲ್ಲ ಕಾಯಿಯನ್ನು ನೋಡುವುದೇ ಹೀಗೆ, ಮುಷ್ಟಿಯಲ್ಲಿ. ನಾನು ಸಾವಿರ ಸಲ ನೋಡಿದ್ದೆ. ಆವತ್ತು ಮಾತ್ರ ಆ ಅಂಗೈಯನ್ನೇ ನೋಡುತ್ತ ಕೂತೆ. ಕಿವಿ ಹೋದ ಮೇಲೆ ಈ ಮನುಷ್ಯನಿಗೆ ಉಳಿದದ್ದು ಆ ಕೈ ಒಂದೇ. ನಾನು ಗಾಡಿಯ ನಡುಕವನ್ನೆಲ್ಲ ಲಾರಿ ರಬ್ಬರಿಗೆ ನುಂಗಿಸಿ, ಕೈಗೆ ಏನೂ ತಾಗದಂತೆ ಮಾಡಿ ತಂದು ನಿಲ್ಲಿಸಿದ್ದೆ.

ಅವರ ಮೊಣಕೈ ಹಿಡಿದು ಗಾಡಿಯ ಕಡೆ ಬೆರಳು ಮಾಡಿ, ಮೊದಲು ಹೇಗಿತ್ತು ಎಂದು ಸನ್ನೆಯಲ್ಲಿ ಕೇಳಿದೆ. ಅವರು ನನ್ನ ಹೆಗಲು ಹಿಡಿದು ಅತ್ತ ತಿರುಗಿಸಿ, ಬೆನ್ನಿನ ಮೇಲೆ ಅಂಗೈಯಿಂದ ಬಡಿಯತೊಡಗಿದರು. ಒಂದು ಗಟ್ಟಿ, ಒಂದು ಮೆತ್ತಗೆ, ಸ್ವಲ್ಪ ತಡೆದು ಮತ್ತೆ ಎರಡು ಗಟ್ಟಿ. ಎಲ್ಲಿ ತಪ್ಪಬೇಕೋ ಅಲ್ಲಿ ತಪ್ಪುತ್ತಿತ್ತು. ನಾನು ತೆಗೆದುಹಾಕಿದ ಐಡ್ಲಿಂಗ್ ಅಷ್ಟೂ ಅವರ ಕೈಯಲ್ಲಿತ್ತು.

"ಹಿಂಗ ಬಡೀತಿತ್ರಿ ಬೆನ್ನಿಗೆ" ಎಂದರು. "ಕಿವಿ ಹ್ವಾದ ಮ್ಯಾಲೂ ಇದೊಂದು ನನಗ ಕೇಳಿಸೀತು ಅನಕೊಂಡಿದ್ಯಾ. ಇದೂ ಮೂಕ ಆತು."

ನಾನು ನಾಚಿಕೆ ಬಿಟ್ಟು ಅಲ್ಲೇ ಕಣ್ಣು ಒರೆಸಿಕೊಂಡೆ. ಸುಮ್ಮನೆ ನಿಲ್ಲುವ ಗಾಡಿ ಅಲ್ಲ ಎಂದು ಮೊದಲ ದಿನವೇ ಹೇಳಿದ್ದರಲ್ಲ. ನಿಂತಾಗಲೂ ಅದು ಸುಮ್ಮನಿರುವುದಿಲ್ಲ ಎಂದು ಅರ್ಥ. ಕಿವುಡರಾದದ್ದು ಅವರು, ಕೇಳಿಸದೆ ಹೋದದ್ದು ನನಗೆ.

ಬಸವರಾಜರಿಗೆ ಸಂಜೆಯವರೆಗೆ ಟೈಮ್ ಕೊಡ್ರಿ ಎಂದೆ. ಅವರು ಒಲ್ಲದ ಮನಸ್ಸಿನಿಂದ ಹೂಂ ಎಂದರು. ಜಾಕ್ ಕೊಟ್ಟು, ಎಂಜಿನ್ನಿನ ಕೆಳಗೆ ಕಟ್ಟಿಗೆಯ ದಿಮ್ಮಿ ಇಟ್ಟು ಎತ್ತಿ, ನನ್ನ ಮೆತ್ತನೆಯ ರಬ್ಬರುಗಳನ್ನು ಕಿತ್ತೆವು. ಡಿಕ್ಕಿಯ ಗೋಣಿತಟ್ಟು ಬಿಚ್ಚಿ ಕಬ್ಬಿಣದ ತುಂಡುಗಳನ್ನು ತೆಗೆದಾಗ ಸಾವಕಾರರು ಎದ್ದು ಬಂದು ಒಂದನ್ನು ಕೈಗೆ ತೆಗೆದುಕೊಂಡು ನಕ್ಕರು. ಇವನ್ನು ಹಾಕಿಸಿದ್ದು ತಾವೇ ಎಂದರು; ಈ ಎಂಜಿನ್ನಿನ ಎಳೆತಕ್ಕೆ ರಬ್ಬರು ಪದೇ ಪದೇ ಹರಿದುಹೋಗುತ್ತಿತ್ತಂತೆ. ಹುಬ್ಬಳ್ಳಿಯ ಮೇಸ್ತ್ರಿಯ ಆತ್ಮಕ್ಕೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಕಬ್ಬಿಣ ಕೂರಿಸಿ, ಕಿಡಿಯ ಸಮಯವನ್ನು ಹಿಂದಕ್ಕೆ ತಂದೆ. ಐಡ್ಲಿಂಗ್ ಇಳಿಸುವಾಗ ಮೀಟರ್ ನೋಡಲಿಲ್ಲ. ಸಾವಕಾರರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರ ಒಂದು ಕೈಯನ್ನು ಮಡ್‌ಗಾರ್ಡ್ ಮೇಲಿಟ್ಟು, ಕಾರ್ಬುರೇಟರಿನ ಸ್ಕ್ರೂವನ್ನು ಮೆಲ್ಲಗೆ ತಿರುಗಿಸುತ್ತ ಹೋದೆ. ಅವರು ಇನ್ನೊಂದು ಕೈಯಿಂದ ಇನ್ನೂ, ಇನ್ನೂ ಎಂದು ಸನ್ನೆ ಮಾಡುತ್ತಿದ್ದರು. ಎಂಜಿನ್ನಿನ ದನಿ ಇಳಿಯುತ್ತ ಬಂತು, ಏಟುಗಳು ಬಿಡಿಬಿಡಿಯಾದವು, ಗಾಡಿ ಎಡಕ್ಕೂ ಬಲಕ್ಕೂ ತೂಗತೊಡಗಿತು. ಮಡ್‌ಗಾರ್ಡ್ ಮೇಲಿನ ಕೈ ಗಟ್ಟಿಯಾಗಿ ಒತ್ತಿಕೊಂಡಿತು.

"ಬಂತು" ಎಂದರು ಸಾವಕಾರರು. ಮತ್ತೆ, "ಬಂತು ನೋಡ ಡಬ್ಬಿ."

ಅವರು ನಡೆದದ್ದು ಬಾಗಿಲ ಕಡೆಗೆ. ಎಡಗಡೆಯ ಬಾಗಿಲು ತೆಗೆದು ಸ್ಟೇರಿಂಗಿನ ಹಿಂದೆ ಕೂತು, ಸೀಟಿಗೆ ಬೆನ್ನು ಒರಗಿಸಿ, ಬಾಯಿ ತೆರೆದು ನಗುತ್ತಿದ್ದರು. ಹಲ್ಲಿಲ್ಲದ ಆ ನಗು ಎಂಜಿನ್ನಿನ ಜೊತೆ ಅಲುಗುತ್ತಿತ್ತು. ಮಗನನ್ನು ಕೈಬೀಸಿ ಕರೆದರು. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದವರು ಎಂಜಿನ್ನಿನ ಸದ್ದನ್ನು ಮೀರಿ ಓಣಿಗೆಲ್ಲ ಕೇಳುವಂತೆ ಕೂಗಿದರು.

"ಬಸೂ, ನಾಳೆ ಸ್ವಾಮಾರ ಐತಲ್ಲೊ. ಅಂಗಡಿಗೆ ನಾನೂ ಬರ್ತೇನಿ."

ಸೋಮವಾರ ಬ್ಯಾಡಗಿ ಮಾರ್ಕೆಟ್ಟಿನ ದಿನ. ಬಸವರಾಜರು ಬಾಗಿಲ ಮೇಲೆ ತಲೆ ಇಟ್ಟು ಅತ್ತುಬಿಟ್ಟರು. ಆಮೇಲೆ ಪಕ್ಕಕ್ಕೆ ಹೋಗಿ ಕೊಲ್ಲಾಪುರಕ್ಕೆ ಫೋನ್ ಮಾಡಿ, ಬರಬೇಡಿ ಎಂದು ಹೇಳಿದರು. ಅಷ್ಟರಲ್ಲಿ ಒಳಗಿನಿಂದ ಎಲ್ಲರಿಗೂ ಚಹಾ ಬಂತು. ಖಾದರ್ ತನ್ನ ಕಪ್ಪನ್ನು ತೆಗೆದುಕೊಂಡು, ನನ್ನ ಮುಖವನ್ನೇ ನೋಡುತ್ತ, ಬಾನೆಟ್ ಮೇಲಿಟ್ಟ. ಕಪ್ ಗಡಗಡ ನಡುಗಿತು, ಚೆಲ್ಲಿತು, ಒಂದು ಗೇಣು ನಡೆದುಹೋಗಿ ಅಂಗಳದ ಕಲ್ಲಿನ ಮೇಲೆ ಬಿದ್ದು ಒಡೆಯಿತು. "ಮೇಸ್ತ್ರಿ, ನಿಮ್ಮ ಕೆಲಸ ಪಾಸಿಲ್ರೀ" ಎಂದ. ನನ್ನ ಪಾಳಿ ಬಂದಿತ್ತು. ಅಷ್ಟು ಜನರ ಮುಂದೆ ಚಹಾ ಚೆಲ್ಲಿಸಿಕೊಂಡು ಅಷ್ಟು ಖುಷಿಪಟ್ಟದ್ದು ನನ್ನ ನೌಕರಿಯಲ್ಲೇ ಇಲ್ಲ.

ಮುಂದಿನ ಶನಿವಾರ ಪೂಜೆ ಮಾಡಿಸಲು ಡಬ್ಬಿಯನ್ನು ಕದರಮಂಡಲಗಿಯ ಆಂಜನೇಯನ ಗುಡಿಗೆ ಒಯ್ದೆವು. ನಮ್ಮ ಕಡೆ ಹೊಸ ಗಾಡಿ ತಂದವರು ಮೊದಲು ಅಲ್ಲಿಗೇ ಹೋಗುವುದು. ಎಡಗಡೆ ಕೂತು ಓಡಿಸಿದವನು ನಾನು, ಬಲಗಡೆ ಸಾವಕಾರರು. ಎದುರಿಗೆ ಬಂದವರಿಗೆ ಸ್ಟೇರಿಂಗ್ ಯಾವ ಕಡೆ ಇದೆ ಎಂದು ತಿಳಿಯದು. ಬಲಗಡೆ ಕೂತ ಎಂಬತ್ತು ದಾಟಿದ ಮುದುಕರು ಎರಡೂ ಕೈಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಊರಿ ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದುದನ್ನು ಕಂಡು ಒಬ್ಬ ಬೈಕಿನವನು ಹೆದರಿ ಹೊಲಕ್ಕೇ ಇಳಿದುಬಿಟ್ಟ. ಗುಡಿಯ ಮುಂದೆ ನಾಲ್ಕು ಗಾಲಿಗೂ ಲಿಂಬೆಹಣ್ಣು ಇಟ್ಟರು. ನಾನು ಗೇರ್ ಹಾಕುವ ಮೊದಲೇ ಮುಂದಿನ ಎರಡು ಹಣ್ಣು ಗಾಡಿಯ ನಡುಕಕ್ಕೆ ಉರುಳಿಕೊಂಡು ಹೋದವು. ಪೂಜಾರಿಗಳು ಬೇರೆ ಹಣ್ಣು ತರಿಸಿದರು.

ಈಗ ಸಾವಕಾರರು ಹಾಸಿಗೆ ಹಿಡಿದಿದ್ದಾರೆ. ಕೆಳಗಿಳಿದು ಬರಲು ಆಗುವುದಿಲ್ಲ. ಹೋದ ತಿಂಗಳು ಆಯಿಲ್ ಬದಲಿಸಲು ಹೋಗಿದ್ದೆ. ಬಸವರಾಜರು ದಿನಾ ಬೆಳಗ್ಗೆ ಡಬ್ಬಿಯನ್ನು ಅಪ್ಪನ ಹಾಸಿಗೆಯ ಪಕ್ಕದ ಕಿಟಕಿಯ ಕೆಳಗೆ ತಂದು ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಡುತ್ತಾರೆ. ಕಿಟಕಿಯ ಸರಳುಗಳು ಅದುರುತ್ತವೆ. ಒಳಗಿನಿಂದ ಒಂದು ಕೈ ಬಂದು ಸರಳನ್ನು ಹಿಡಿದುಕೊಳ್ಳುತ್ತದೆ. "ಅಪ್ಪಗ ಡಬ್ಬಿ ಕೂಡ ಮಾತಾಡಿದ ಮ್ಯಾಲೇನ ನಾಷ್ಟಾ" ಎಂದು ಬಸವರಾಜರು ನಕ್ಕರು. ಅವರ ಬಾಯಲ್ಲೂ ಈಗ ಡಬ್ಬಿ ಎಂದರೆ ಮೆಣಸಿನಕಾಯಿಯೇ.

ಬಂದ ಗಾಡಿಯಲ್ಲಿ ಏನೇನು ರಿಪೇರಿ ಮಾಡಬೇಕು ಎಂದು ಕೇಳುವುದನ್ನು ಡಿಪೋ ನನಗೆ ಕಲಿಸಿತ್ತು. ಏನನ್ನು ಮುಟ್ಟಬಾರದು ಎಂದು ಕೇಳಲು ಕಲಿತದ್ದು ಆ ಬೇಸಿಗೆಯಲ್ಲಿ, ನಿವೃತ್ತನಾದ ಮೇಲೆ. ಈಗ ಶೆಡ್ಡಿಗೆ ಯಾವ ಹಳೆಯ ಗಾಡಿ ಬಂದರೂ ಒಡೆಯನಿಗೆ ಮೊದಲು ಅದನ್ನೇ ಕೇಳುತ್ತೇನೆ. ಕೆಲವರು ಇವನಿಗೆ ತಲೆ ಕೆಟ್ಟಿದೆ ಎನ್ನುವಂತೆ ನೋಡುತ್ತಾರೆ. ಕೆಲವರು ಮಾತ್ರ ಸ್ವಲ್ಪ ಯೋಚಿಸಿ, ಆ ಬಾಗಿಲಿನ ಕಿರುಗುಟ್ಟುವಿಕೆ ಇರಲಿ, ಅದು ನಮ್ಮಪ್ಪನ ಕಾಲದ್ದು ಎನ್ನುತ್ತಾರೆ.

ಖಾದರ್ ತೋರಿಸಿದ ಸುದ್ದಿಯ ಮಾತು ಉಳಿಯಿತು. ಅಮೆರಿಕದವರು ತಮ್ಮ ಹಳೆಯ ಗಾಡಿಯನ್ನು ಮತ್ತೆ ತರುತ್ತಾರಂತೆ, ತರಲಿ. ಎಂದಾದರೂ ಒಂದು ಈ ಕಡೆಯ ಹೈವೇಯಲ್ಲಿ ಹಾದುಹೋದರೆ ನಾನು ಕೈ ಅಡ್ಡ ಹಿಡಿದು ನಿಲ್ಲಿಸುತ್ತೇನೆ. ಸ್ಪೀಕರಿನಲ್ಲಿ ಎಷ್ಟು ಗುಡುಗಿಸಿದರೂ ನಾನು ಕಿವಿಗೊಡುವುದಿಲ್ಲ. ಒಂದು ಕಪ್ ಚಹಾ ತರಿಸಿ ಬಾನೆಟ್ ಮೇಲೆ ಇಡುತ್ತೇನೆ. ಚೆಲ್ಲದಿದ್ದರೆ, ಅದು ಇನ್ನೂ ಬಂದಿಲ್ಲ.